ರೂತಳ ತವರು ಎಲ್ಲಿತ್ತು?

ಪ್ರಶ್ನೆ: ಬೈಬಲಿನಲ್ಲಿ ರೂತಳ ಕಥೆ ಓದುವಾಗಲೆಲ್ಲ ನನಗೊಂದು ಅನುಮಾನ. ಬೇತ್ಲೆಹೇಮಿನಲ್ಲಿ ಬರ ಬಂತು, ಎಲೀಮೆಲೆಕ ಹೆಂಡತಿ ನೊವೊಮಿಯನ್ನೂ ಇಬ್ಬರು ಗಂಡುಮಕ್ಕಳನ್ನೂ ಕರೆದುಕೊಂಡು ಮೋವಾಬಿಗೆ ಹೋದ, ಅಲ್ಲಿನ ಹುಡುಗಿ ರೂತ್ ಅವರ ಸೊಸೆಯಾದಳು ಎಂದಿದೆ. ಭೂಪಟದಲ್ಲಿ ನೋಡಿದರೆ ಅದು ಮೃತ ಸಮುದ್ರದ ಆಚೆಯ ಮರುಭೂಮಿ. ಬರಕ್ಕೆ ಹೆದರಿ ಯಾರಾದರೂ ಮರುಭೂಮಿಗೆ ಹೋಗ್ತಾರಾ? ಮೋವಾಬ್ ಅನ್ನೋ ದೇಶ ನಿಜಕ್ಕೂ ಇತ್ತಾ? ಆ ಜನ ಈಗ ಎಲ್ಲಿ?

ಉತ್ತರ: ನಿಮ್ಮ ಅನುಮಾನ ಒಳ್ಳೆಯದೇ. ಆದರೆ ತಪ್ಪು ಕಥೆಯದ್ದಲ್ಲ, ಭೂಪಟದ್ದು. ಸಾಮಾನ್ಯ ಭೂಪಟಗಳಲ್ಲಿ ಮೃತ ಸಮುದ್ರದ ಪೂರ್ವಕ್ಕೆ ಇರುವುದಕ್ಕೆಲ್ಲ ಒಂದೇ ಹಳದಿ ಬಣ್ಣ ಬಳಿದಿರುತ್ತಾರೆ. ಮೋವಾಬ್ ಆ ಹಳದಿಯ ಅಂಚಿನಲ್ಲಿರುವ ಒಂದು ಸಣ್ಣ ಹಸಿರು ಪಟ್ಟಿ. ಉತ್ತರ ದಕ್ಷಿಣಕ್ಕೆ ಸುಮಾರು 90 ಕಿಲೋಮೀಟರ್, ಅಗಲ ಬರೀ 25 ಕಿಲೋಮೀಟರಿನಷ್ಟು. ಇಡೀ ಪಶ್ಚಿಮ ಏಷ್ಯಾವನ್ನು ಒಂದೇ ಪುಟದಲ್ಲಿ ತೋರಿಸುವ ಭೂಪಟದಲ್ಲಿ ಇಷ್ಟು ಸಣ್ಣ ಪಟ್ಟಿ ಕಾಣಿಸುವುದೇ ಇಲ್ಲ. ಇವತ್ತು ಅದು ಜೋರ್ಡಾನ್ ದೇಶದೊಳಗಿದೆ. ಮಾದಬಾ ಮತ್ತು ಕೆರಕ್ ಎಂಬ ಎರಡು ಊರುಗಳನ್ನು ಗುರುತಿಟ್ಟುಕೊಳ್ಳಿ. ಅವೆರಡರ ನಡುವಿನ ಎತ್ತರದ ಬಯಲು, ಅದರ ಆಚೀಚೆ ಸ್ವಲ್ಪ, ಅಷ್ಟೇ ಮೋವಾಬ್.

'ಎತ್ತರದ' ಅನ್ನುವ ಮಾತು ಮುಖ್ಯ. ಮೃತ ಸಮುದ್ರದ ನೀರಿನ ಮಟ್ಟ ಈಗ ಸಮುದ್ರಮಟ್ಟಕ್ಕಿಂತ 430 ಮೀಟರಿಗೂ ಹೆಚ್ಚು ಕೆಳಗಿದೆ. ಭೂಮಿಯ ಮೇಲೆ ಇದಕ್ಕಿಂತ ತಗ್ಗಿನ ಒಣನೆಲ ಇನ್ನೊಂದಿಲ್ಲ. ಅದರ ಪೂರ್ವ ದಂಡೆಯಿಂದ ನೆಲ ಗೋಡೆಯ ಹಾಗೆ ಎದ್ದು ನಿಲ್ಲುತ್ತದೆ. ಆ ಗೋಡೆ ಹತ್ತಿ ಮುಗಿಸಿದಾಗ ನೀವು ಸಮುದ್ರಮಟ್ಟಕ್ಕಿಂತ 800 ಮೀಟರ್ ಮೇಲಿರುತ್ತೀರಿ, ಕೆಲವು ಕಡೆ 1000 ಮೀಟರಿಗೂ ಮೇಲೆ. ಅಂದರೆ ನೇರಕ್ಕೆ 20 ಕಿಲೋಮೀಟರ್ ಹೋಗುವಷ್ಟರಲ್ಲಿ 1200 ಮೀಟರಿಗಿಂತ ಜಾಸ್ತಿ ಏರಿಕೆ. ಕೆಳಗೆ ಸುಡುವ ಸೆಕೆ, ಉಪ್ಪು, ಖರ್ಜೂರದ ಮರ. ಮೇಲೆ ಗೋಧಿ ಹೊಲ, ಕೆಲವು ಚಳಿಗಾಲಗಳಲ್ಲಿ ಹಿಮ ಕೂಡ ಬೀಳುತ್ತದೆ.

ಈ ಗೋಡೆ ಹೇಗೆ ಬಂತು ಅಂದರೆ, ಮೃತ ಸಮುದ್ರದ ತಗ್ಗು ಭೂಮಿಯ ಹೊರಪದರದಲ್ಲಿನ ಒಂದು ದೊಡ್ಡ ಬಿರುಕಿನ ಮೇಲೆ ಕೂತಿದೆ. ಬಿರುಕಿನ ಪೂರ್ವದ ನೆಲ ಪಶ್ಚಿಮದ ನೆಲಕ್ಕೆ ಹೋಲಿಸಿದರೆ ಉತ್ತರಕ್ಕೆ ಜಾರುತ್ತಾ ಬಂದಿದೆ. ಒಂದೆರಡು ಕೋಟಿ ವರ್ಷಗಳಲ್ಲಿ ಒಟ್ಟು ಸುಮಾರು 105 ಕಿಲೋಮೀಟರ್ ಜಾರಿದೆ. ಜಾರುವಾಗ ನಡುವಿನ ತುಂಡು ಕುಸಿದು ಗುಂಡಿಯಾಯಿತು. ಆ ಗುಂಡಿಯ ಪೂರ್ವದ ಅಂಚೇ ಮೋವಾಬಿನ ಪಶ್ಚಿಮದ ಗಡಿ.

ಈಗ ಮಳೆಯ ವಿಷಯಕ್ಕೆ ಬರೋಣ. ನಿಮ್ಮ ಪ್ರಶ್ನೆಯ ಗಂಟು ಇರುವುದು ಅಲ್ಲೇ.

ಅಲ್ಲಿ ಮಳೆ ಬರುವುದು ಚಳಿಗಾಲದಲ್ಲಿ, ಮುಖ್ಯವಾಗಿ ನವೆಂಬರಿನಿಂದ ಮಾರ್ಚ್‌ವರೆಗೆ. ಮೋಡ ಬರುವುದು ಪಶ್ಚಿಮದ ಮೆಡಿಟರೇನಿಯನ್ ಸಮುದ್ರದಿಂದ. ಮೊದಲು ಯೆಹೂದದ ಬೆಟ್ಟಗಳಿಗೆ ತಾಗುತ್ತದೆ. ಬೇತ್ಲೆಹೇಮ್, ಯೆರೂಸಲೇಮ್ ಇರುವುದು ಆ ಬೆಟ್ಟಗಳ ನೆತ್ತಿಯ ಮೇಲೆ. ಅಲ್ಲಿ ಮಳೆ ಸುರಿಸಿ ಗಾಳಿ ಪೂರ್ವಕ್ಕೆ ಇಳಿಯುತ್ತದೆ. ಇಳಿಯುವ ಗಾಳಿ ಬಿಸಿಯಾಗುತ್ತದೆ, ಒಣಗುತ್ತದೆ. ಹಾಗಾಗಿ ಮೃತ ಸಮುದ್ರದ ದಂಡೆಯಲ್ಲಿ ವರ್ಷಕ್ಕೆ 100 ಮಿಲಿಮೀಟರ್ ಮಳೆಯೂ ಬೀಳುವುದಿಲ್ಲ. ಪಕ್ಕಾ ಮಳೆನೆರಳು. ಆದರೆ ಕಥೆ ಅಲ್ಲಿಗೇ ಮುಗಿಯುವುದಿಲ್ಲ. ಅದೇ ಗಾಳಿ ಆಚೆಯ ಗೋಡೆಗೆ ಬಡಿದು ಮತ್ತೆ ಮೇಲೇರುತ್ತದೆ. ಏರುತ್ತಾ ತಣ್ಣಗಾಗುತ್ತದೆ, ಉಳಿದ ತೇವವನ್ನು ಮೋವಾಬಿನ ಬಯಲಿನ ಮೇಲೆ ಇಳಿಸುತ್ತದೆ. ಮಾದಬಾ, ಕೆರಕ್ ಕಡೆ ವರ್ಷಕ್ಕೆ 300ರಿಂದ 350 ಮಿಲಿಮೀಟರಿನ ಆಸುಪಾಸು ಮಳೆ. ಇದೇನೂ ಭಾರಿ ಮಳೆಯಲ್ಲ. ಆದರೆ ಬಾವಿ ಕಾಲುವೆಗಳ ಹಂಗಿಲ್ಲದೆ ಗೋಧಿ ಬೆಳೆಯಲು ಸಾಕು, ಬಾರ್ಲಿಗಂತೂ ಧಾರಾಳ. ಅಲ್ಲಿಂದ ಪೂರ್ವಕ್ಕೆ ಇನ್ನೊಂದು 25, 30 ಕಿಲೋಮೀಟರ್ ಹೋದರೆ ಮಳೆ ಅರ್ಧಕ್ಕಿಂತ ಕಡಿಮೆ. ಅಲ್ಲಿಂದಾಚೆಗೆ ನಿಮ್ಮ ಹಳದಿ ಬಣ್ಣ ಶುರು.

ಆದ್ದರಿಂದ ಮೋವಾಬ್ ಅಂದರೆ ಎರಡು ಒಣನೆಲಗಳ ನಡುವೆ ಸಿಕ್ಕಿಕೊಂಡ ಹೊಲ. 'ಹೊಲ' ಎಂದು ಸುಮ್ನೆ ಹೇಳುತ್ತಿಲ್ಲ. ಕನ್ನಡ ಬೈಬಲಿನಲ್ಲಿ 'ಮೋವಾಬ್ ದೇಶ' ಎಂದು ಓದುತ್ತೇವೆ. ರೂತಳ ಕಥೆಯ ಹೀಬ್ರೂ ಮೂಲದಲ್ಲಿರುವುದು 'ಸ್ದೇ ಮೋಆಬ್'. ಪದಕ್ಕೆ ಪದ ಹೇಳಿದರೆ ಮೋವಾಬಿನ ಹೊಲಗಳು. ಇನ್ನೊಂದು ಕಡೆ ಬೇತ್ಲೆಹೇಮ್ ಅನ್ನುವ ಹೆಸರಿಗೆ ಹೀಬ್ರೂವಿನಲ್ಲಿ 'ರೊಟ್ಟಿಯ ಮನೆ' ಎಂದು ಅರ್ಥ. ರೊಟ್ಟಿಯ ಮನೆಯಲ್ಲಿ ರೊಟ್ಟಿ ಇಲ್ಲ, ಪಕ್ಕದವರ ಹೊಲದಲ್ಲಿ ಇದೆ. ಕಥೆ ಬರೆದವನು ಮೊದಲ ಸಾಲಿನಲ್ಲೇ ಸಣ್ಣಗೆ ನಕ್ಕಿದ್ದಾನೆ. ಅನುವಾದದಲ್ಲಿ ಆ ನಗು ಕಾಣೆಯಾಗುತ್ತದೆ.

ಒಂದು ಮಾತು ಒಪ್ಪಿಕೊಳ್ಳಬೇಕು. ಎರಡೂ ಕಡೆಗೆ ಮಳೆ ತರುವುದು ಅದೇ ಮೋಡ. ದೊಡ್ಡ ಬರ ಬಂದರೆ ಇಬ್ಬರಿಗೂ ತಟ್ಟುತ್ತದೆ. ಹಾಗಾದರೆ ಮೋವಾಬಿನಲ್ಲಿ ಹೆಚ್ಚಿಗೆ ಏನಿತ್ತು? ಬೇತ್ಲೆಹೇಮಿನ ಸುತ್ತ ಇಳಿಜಾರಿನಲ್ಲಿ ಕಲ್ಲು ಕಟ್ಟಿ ಮಾಡಿಕೊಂಡ ಸಣ್ಣ ಸಣ್ಣ ಹೊಲಗಳು, ತೆಳು ಮಣ್ಣು. ಮೋವಾಬಿನ ಬಯಲಿನಲ್ಲಿ, ಅದರಲ್ಲೂ ಮಾದಬಾ ಕಡೆ, ಆಳವಾದ ಕೆಂಪು ಮಣ್ಣು. ಅದು ನೀರು ಹಿಡಿದುಕೊಳ್ಳುತ್ತದೆ. ಜೊತೆಗೆ ಪೂರ್ವದ ಅಂಚಿನುದ್ದಕ್ಕೂ ಕುರಿ ಮೇಯಿಸಲು ಬೇಕಾದಷ್ಟು ಜಾಗ. ಒಂದು ವರ್ಷ ಪೈರು ಕೈಕೊಟ್ಟರೂ ಕುರಿ ಇದೆ. ಬೈಬಲಿನಲ್ಲಿ ಅರಣ್ಯಕಾಂಡದಿಂದ (ಅದರ ನಾಲ್ಕನೆಯ ಪುಸ್ತಕ) ಪ್ರವಾದಿಗಳವರೆಗೆ ಮೋವಾಬಿನ ಕಡೆಯ ಮಾತು ಬಂದಾಗ ಹಲವು ಕಡೆ ಕುರಿಯೋ ದ್ರಾಕ್ಷಿಯೋ ಬರುತ್ತದೆ. ಮೋವಾಬಿನ ಅರಸ ಮೇಷ ಇಸ್ರಾಯೇಲಿಗೆ ಒಂದು ಲಕ್ಷ ಕುರಿಮರಿ ಮತ್ತು ಒಂದು ಲಕ್ಷ ಟಗರುಗಳ ಉಣ್ಣೆ ಕಪ್ಪವಾಗಿ ಕೊಡುತ್ತಿದ್ದ ಎಂದು ಅರಸುಗಳ ಎರಡನೆಯ ಪುಸ್ತಕ ಹೇಳುತ್ತದೆ. ಲೆಕ್ಕ ಉಬ್ಬಿಸಿದ್ದಿರಬಹುದು. ಆದರೆ ಕುರಿಯಿಲ್ಲದ ನಾಡಿನ ಬಗ್ಗೆ ಯಾರೂ ಹೀಗೆ ಉಬ್ಬಿಸುವುದಿಲ್ಲ, ಅಲ್ವಾ?

ಇನ್ನು ದೂರ. ಬೇತ್ಲೆಹೇಮಿನ ಪೂರ್ವದ ಅಂಚಿನಲ್ಲಿ ನಿಂತರೆ ಆಚೆ ಮೋವಾಬಿನ ಗೋಡೆ ಕಣ್ಣಿಗೆ ಕಾಣುತ್ತದೆ. ಸಂಜೆ ಬಿಸಿಲು ಬಿದ್ದಾಗ ನೇರಳೆ ಬಣ್ಣಕ್ಕೆ ತಿರುಗುತ್ತದೆ. ಹಕ್ಕಿ ಹಾರುವ ಲೆಕ್ಕದಲ್ಲಿ 55, 60 ಕಿಲೋಮೀಟರ್ ಅಷ್ಟೇ. ಆದರೆ ನಡೆದು ಹೋಗುವವರಿಗೆ ನಡುವೆ ಸಮುದ್ರ ಅಡ್ಡ ಇದೆ. ಉತ್ತರದಿಂದ ಸುತ್ತಿ ಯೆರಿಕೋ ಬಳಿ ಯೊರ್ದನ್ ಹೊಳೆ ದಾಟಿ ಹತ್ತಬೇಕು, ಇಲ್ಲವಾದರೆ ದಕ್ಷಿಣದ ತುದಿ ಸುತ್ತಬೇಕು. ಕುರಿ, ಮಕ್ಕಳು, ಗಂಟುಮೂಟೆ ಎಲ್ಲ ಸೇರಿ ನಾಲ್ಕೈದು ದಿನದ ದಾರಿ ಎಂದು ನನ್ನ ಅಂದಾಜು. ನೊವೊಮಿ ವಾಪಸ್ ಬರುವಾಗ ಅವಳೂ ಸೊಸೆ ರೂತಳೂ, ಇಬ್ಬರು ಹೆಂಗಸರೇ ಈ ದಾರಿ ನಡೆದರು. 800 ಮೀಟರಿನಿಂದ ಸಮುದ್ರಮಟ್ಟಕ್ಕಿಂತ ಕೆಳಗೆ ಇಳಿದು, ಮತ್ತೆ ಅಷ್ಟೇ ಎತ್ತರಕ್ಕೆ ಹತ್ತಿದರು. ಅವರು ಬಂದು ತಲುಪಿದ್ದು ಬಾರ್ಲಿ ಕೊಯ್ಲಿನ ಶುರುವಿಗೆ, ಅಂದರೆ ಹೆಚ್ಚುಕಡಿಮೆ ಏಪ್ರಿಲ್ ತಿಂಗಳಿಗೆ. ಕಥೆಯಲ್ಲಿ ಇದನ್ನು ಒಂದೇ ಸಾಲಿನಲ್ಲಿ ದಾಟಿಸಿಬಿಟ್ಟಿದ್ದಾರೆ.

ನಾಡಿನ ಗಡಿಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಪಶ್ಚಿಮಕ್ಕೆ ಮೃತ ಸಮುದ್ರ, ಪೂರ್ವಕ್ಕೆ ಮರಳುಗಾಡು, ದಕ್ಷಿಣಕ್ಕೆ ಜೆರೆದ್ ಹಳ್ಳ. ಈಗಿನ ಹೆಸರು ವಾದಿ ಹಸಾ. ಅದರಾಚೆ ಎದೋಮ್ ಎಂಬ ನೆರೆನಾಡು. ಉತ್ತರದ ಗಡಿ ಮಾತ್ರ ಯಾವತ್ತೂ ಜಗಳದ್ದು. ಬಯಲಿನ ನಡುವೆ ಅರ್ನೋನ್ ಹೊಳೆಯ ಕಣಿವೆ ಇದೆ. ಈಗ ಅದಕ್ಕೆ ವಾದಿ ಮೂಜಿಬ್ ಎನ್ನುತ್ತಾರೆ. ಕಣಿವೆ ಅನ್ನುವುದಕ್ಕಿಂತ ನೆಲ ಸೀಳಿಹೋದ ಹಾಗಿದೆ ಅನ್ನಬಹುದು. ಈ ಅಂಚಿನಿಂದ ಆ ಅಂಚು ಕೂಗಿದರೆ ಕೇಳುವಷ್ಟು ಹತ್ತಿರ ಅನ್ನಿಸುತ್ತದೆ. ರಸ್ತೆಯಲ್ಲಿ ಹೋದರೆ ಸುತ್ತಿ ಸುತ್ತಿ ಇಳಿದು ಹತ್ತಬೇಕು. ಅರ್ನೋನಿನ ದಕ್ಷಿಣದ ಭಾಗ ಯಾವಾಗಲೂ ಮೋವಾಬ್ಯರದ್ದೇ. ಉತ್ತರದ ಸಮತಟ್ಟು ನೆಲವನ್ನು ಹೀಬ್ರೂವಿನಲ್ಲಿ 'ಮೀಶೋರ್' ಎನ್ನುತ್ತಿದ್ದರು. ಒಳ್ಳೆಯ ಗೋಧಿ ನೆಲ, ಕಾಯಲು ಕಷ್ಟ. ಅದಕ್ಕಾಗಿ ಮೋವಾಬ್ಯರು, ಅಮೋರಿಯರು, ಅಮ್ಮೋನಿಯರು, ಇಸ್ರಾಯೇಲಿನ ಗಾದ್ ಮತ್ತು ರೂಬೇನ್ ಕುಲದವರು, ಎಲ್ಲರೂ ಕಿತ್ತಾಡಿದರು. ಯೆರಿಕೋ ಎದುರಿನ ತಗ್ಗನ್ನು, ಅದು ಅರ್ನೋನಿನಿಂದ ಎಷ್ಟೋ ಉತ್ತರಕ್ಕಿದ್ದರೂ, ಬೈಬಲ್ 'ಮೋವಾಬಿನ ಬಯಲು' ಎಂದೇ ಕರೆಯುತ್ತದೆ. ಜಮೀನು ಕೈಬಿಟ್ಟರೂ ಹಳೆಯ ಮಾಲೀಕನ ಹೆಸರು ಉಳಿದುಕೊಳ್ಳುತ್ತದಲ್ಲ, ಹಾಗೆ. ಇಸ್ರಾಯೇಲ್ಯರ ನಾಯಕ ಮೋಶೆ ಸಾಯುವ ಮೊದಲು ಹತ್ತಿ ನೋಡಿದ ನೆಬೋ ಬೆಟ್ಟವೂ ಈ ಉತ್ತರದ ಭಾಗದಲ್ಲೇ, ಮಾದಬಾದ ಹತ್ತಿರ.

ಎರಡನೆಯ ಪ್ರಶ್ನೆ: ಮೋವಾಬ್ ನಿಜಕ್ಕೂ ಇತ್ತಾ? ಇತ್ತು. ಈಜಿಪ್ಟಿನ ಎರಡನೆಯ ರಾಮ್ಸೆಸ್ ಕ್ರಿ.ಪೂ. 13ನೆಯ ಶತಮಾನದಲ್ಲಿ ಲಕ್ಸರ್ ದೇವಾಲಯದ ಗೋಡೆಯ ಮೇಲೆ ತನ್ನ ದಂಡಯಾತ್ರೆಗಳನ್ನು ಕೆತ್ತಿಸಿದ. ಅಲ್ಲಿ ಮೋವಾಬ್ ಎಂಬ ಹೆಸರಿದೆ. ಅಸ್ಸೀರಿಯಾದ ಅರಸರ ದಾಖಲೆಗಳಲ್ಲಿ ಕಪ್ಪ ಕೊಟ್ಟ ಮೋವಾಬಿನ ಅರಸರ ಹೆಸರುಗಳೇ ಇವೆ. ಸಲಮಾನು, ಕಮ್ಮುಸು-ನದ್ಬಿ, ಮುಸುರಿ ಹೀಗೆ. ಆದರೆ ಇವೆಲ್ಲ ಬೇರೆಯವರು ಮೋವಾಬಿನ ಬಗ್ಗೆ ಹೇಳಿದ್ದು. ಮೋವಾಬೇ ಬಾಯಿ ಬಿಟ್ಟು ಮಾತಾಡಿದ್ದು ಒಂದು ಕಲ್ಲಿನಲ್ಲಿ. ಆ ಕಲ್ಲಿನ ಕಥೆಯನ್ನು ಸ್ವಲ್ಪ ವಿವರವಾಗಿ ಹೇಳದೆ ಮುಂದೆ ಹೋಗಲು ನನ್ನಿಂದ ಆಗುವುದಿಲ್ಲ.

1868ರ ಆಗಸ್ಟ್. ಕ್ಲೈನ್ ಎಂಬ ಮಿಷನರಿ ಅರ್ನೋನಿನ ಉತ್ತರಕ್ಕಿರುವ ಧೀಬಾನ್ ಎಂಬ ಹಾಳೂರಿನ ಬಳಿ ತಂಗಿದ್ದ. ಆ ಪ್ರದೇಶ ಬನಿ ಹಮೀದಾ ಬುಡಕಟ್ಟಿನವರದ್ದು. ಅಲ್ಲಿ ಅವನಿಗೆ ಬರಹವಿದ್ದ ಒಂದು ಕಪ್ಪು ಕಲ್ಲು ತೋರಿಸಿದರು. ಬಸಾಲ್ಟ್ ಕಲ್ಲು, ಒಂದು ಮೀಟರಿಗಿಂತ ಸ್ವಲ್ಪ ಎತ್ತರ, ತಲೆ ದುಂಡಗೆ, ಮೈತುಂಬ 34 ಸಾಲು ಬರಹ. ಸುದ್ದಿ ಯೆರೂಸಲೇಮಿಗೆ ಮುಟ್ಟಿದ್ದೇ ತಡ, ಪ್ರಷ್ಯದವರು, ಫ್ರೆಂಚರು, ಇಂಗ್ಲಿಷರು ಮೂವರಿಗೂ ಅದು ಬೇಕಾಯಿತು. ಫ್ರೆಂಚ್ ಕಚೇರಿಯಲ್ಲಿ ಕ್ಲೆರ್ಮಾಂ-ಗ್ಯಾನೊ ಎಂಬ 20 ದಾಟಿದ ಹುಡುಗನಿದ್ದ. ಮೊದಲು ಅದರ ಪಡಿಯಚ್ಚು ತೆಗೆಸಬೇಕು ಎಂದು ಅವನಿಗೆ ಹೊಳೆಯಿತು. ಒದ್ದೆ ಕಾಗದವನ್ನು ಕಲ್ಲಿನ ಮೇಲೆ ಹರಡಿ, ಬ್ರಷ್‌ನಿಂದ ಬಡಿದು, ಒಣಗಿದ ಮೇಲೆ ಬಿಡಿಸುವ ವಿಧಾನ. ನಮ್ಮ ಶಾಸನತಜ್ಞರಿಗೂ ಇದು ಚೆನ್ನಾಗಿ ಗೊತ್ತು. ಅವನು ಕಳಿಸಿದ ಆಳು ಕಾಗದ ಹಾಕಿದ. ಅದು ಒಣಗುವ ಮೊದಲೇ ಊರವರ ನಡುವೆ ಜಗಳ ಎದ್ದಿತು. ಒಬ್ಬನಿಗೆ ಈಟಿ ತಾಗಿತು. ಇನ್ನೊಬ್ಬ ಒದ್ದೆ ಕಾಗದವನ್ನು ಚೂರು ಚೂರಾಗಿಯೇ ಕಿತ್ತುಕೊಂಡು ಕುದುರೆ ಹತ್ತಿ ಓಡಿದ.

ಮುಂದೆ ಆದದ್ದು ಇನ್ನೂ ಬೇಸರದ ವಿಷಯ. ಕಲ್ಲು ಕೊಡಿ ಎಂದು ತುರ್ಕಿ ಆಡಳಿತದಿಂದ ಒತ್ತಡ ಬಂತು. ಆ ಆಡಳಿತವನ್ನು ಕಂಡರೆ ಬುಡಕಟ್ಟಿನವರಿಗೆ ಆಗುತ್ತಿರಲಿಲ್ಲ. ಅವರು ಕಲ್ಲಿನ ಕೆಳಗೆ ಬೆಂಕಿ ಹಾಕಿ ಕಾಯಿಸಿದರು, ಮೇಲೆ ತಣ್ಣೀರು ಸುರಿದರು. ಕಲ್ಲು ಸಿಡಿಯಿತು. ಚೂರುಗಳನ್ನು ಮನೆಮನೆಗೆ ಹಂಚಿಕೊಂಡರು. ಕೆಲವರು ಬೆಳೆಗೆ ಒಳ್ಳೆಯದಾಗಲಿ ಎಂದು ಕಣಜದಲ್ಲಿ ಇಟ್ಟುಕೊಂಡರಂತೆ. 'ಅನಾಗರಿಕರು ಒಡೆದುಹಾಕಿದರು' ಎಂದು ಆಗಿನ ಯುರೋಪಿನ ಪತ್ರಿಕೆಗಳ ಹಾಗೆ ಹೇಳಿ ಮುಗಿಸುವುದು ನನಗೆ ಇಷ್ಟವಿಲ್ಲ. ಎರಡೂವರೆ ಸಾವಿರ ವರ್ಷಕ್ಕೂ ಜಾಸ್ತಿ ಆ ಕಲ್ಲು ಅಲ್ಲೇ ಇತ್ತು. ಅದು ಚೂರಾಗಿದ್ದು ಮೂರು ದೇಶಗಳು ಅದಕ್ಕಾಗಿ ಹರಾಜು ಕೂಗಲು ಶುರುಮಾಡಿದ ಮೇಲೆ. ಆಮೇಲೆ ಕ್ಲೆರ್ಮಾಂ-ಗ್ಯಾನೊ ಐವತ್ತಕ್ಕೂ ಹೆಚ್ಚು ಚೂರುಗಳನ್ನು ಒಂದೊಂದಾಗಿ ಕೊಂಡು ಸೇರಿಸಿದ. ಸುಮಾರು ಮೂರನೇ ಎರಡು ಭಾಗ ಬರಹ ಕಲ್ಲಿನಲ್ಲೇ ಸಿಕ್ಕಿತು. ಉಳಿದದ್ದನ್ನು ಆ ಹರಿದ ಕಾಗದದ ಸಹಾಯದಿಂದ ತುಂಬಿದರು. ಈಗ ಅದು ಪ್ಯಾರಿಸ್ಸಿನ ಲೂವ್ರ್ ಮ್ಯೂಸಿಯಮಿನಲ್ಲಿದೆ. ಹತ್ತಿರದಿಂದ ನೋಡಿದರೆ ಅಸಲಿ ಕಲ್ಲು ಯಾವುದು, ತುಂಬಿದ ಗಾರೆ ಯಾವುದು ಎಂದು ಗೊತ್ತಾಗುತ್ತದೆ.

ಕಲ್ಲು ಹೇಳುವುದೇನು? ಕಾಲ ಕ್ರಿ.ಪೂ. 840ರ ಸುಮಾರು. "ನಾನು ಮೇಷ, ಕೆಮೋಷ್‌ಯತ್ತಿಯ ಮಗ, ಮೋವಾಬಿನ ಅರಸ, ದೀಬೋನಿನವನು" ಎಂದು ಶುರುವಾಗುತ್ತದೆ. ಲಕ್ಷ ಕುರಿಮರಿ ಕಪ್ಪ ಕೊಡುತ್ತಿದ್ದನಲ್ಲ, ಅದೇ ಮೇಷ! ಇಸ್ರಾಯೇಲಿನ ಅರಸ ಒಮ್ರಿ ಮೋವಾಬನ್ನು ಬಹಳ ದಿನ ಪೀಡಿಸಿದ ಎಂದು ಅವನು ಹೇಳುತ್ತಾನೆ. ಯಾಕೆ ಪೀಡಿಸಲು ಆಯಿತು? ಕೆಮೋಷ್ ದೇವರು ತನ್ನ ನಾಡಿನ ಮೇಲೆ ಸಿಟ್ಟಾಗಿದ್ದ, ಅದಕ್ಕೆ. ಆಮೇಲೆ ಕೆಮೋಷನ ಸಿಟ್ಟು ಇಳಿಯಿತು, ಮೇಷ ಗೆದ್ದ. ಅಟಾರೋತ್ ಹಿಡಿದ. ಗಾದ್ ಕುಲದವರು ಅಲ್ಲಿ ಹಿಂದಿನಿಂದಲೂ ವಾಸವಾಗಿದ್ದರು ಎಂದು ಅವನೇ ಒಪ್ಪುತ್ತಾನೆ. ನೆಬೋ ಊರನ್ನು ರಾತ್ರಿ ಹೊರಟು ಹೋಗಿ, ಬೆಳಗಿನಿಂದ ಮಧ್ಯಾಹ್ನದವರೆಗೆ ಕಾದಾಡಿ ಗೆದ್ದ. ಅಲ್ಲಿ 7000 ಜನರನ್ನು ಕೊಂದೆ, ಇಸ್ರಾಯೇಲ್ಯರ ದೇವರಾದ ಯೆಹೋವನ ಪಾತ್ರೆಗಳನ್ನು ಎಳೆದು ತಂದು ಕೆಮೋಷನ ಮುಂದಿಟ್ಟೆ ಎಂದು ಕೊಚ್ಚಿಕೊಳ್ಳುತ್ತಾನೆ.

ಇದನ್ನು ಮೊದಲ ಸಲ ಓದಿದಾಗ ನನಗೆ ಮೈ ಜುಂ ಎಂದಿತ್ತು. ಯುದ್ಧಕ್ಕಲ್ಲ, ಯುದ್ಧ ಎಲ್ಲ ಶಾಸನಗಳಲ್ಲೂ ಇರುತ್ತದೆ. ಮಾತಿನ ಧಾಟಿಗೆ. ದೇವರಿಗೆ ಸಿಟ್ಟು ಬಂತು, ಆದ್ದರಿಂದ ಶತ್ರು ಗೆದ್ದ. ದೇವರ ಸಿಟ್ಟು ಇಳಿಯಿತು, ನಾವು ಗೆದ್ದೆವು. ಗೆದ್ದ ಊರನ್ನು ಪೂರ್ತಿ ದೇವರಿಗೆ ಮೀಸಲು ಎಂದು ನಾಶಮಾಡಿದೆವು. ಇದು ಬೈಬಲಿನ ನ್ಯಾಯಸ್ಥಾಪಕರ ಪುಸ್ತಕದ ಧಾಟಿಯೇ. ದೇವರ ಹೆಸರೊಂದು ಬದಲಾಯಿಸಿದರೆ ಸಾಕು. ಹಾಗೆ ಶತ್ರುವನ್ನು ಪೂರ್ತಿ ಮೀಸಲಿಟ್ಟು ಅಳಿಸುವುದಕ್ಕೆ ಎರಡೂ ಕಡೆ ಬಳಸುವ ಪದವೂ ಒಂದೇ ಬೇರಿನದು: 'ಹೆರೆಮ್'. ಭಾಷೆಯೂ ಹಾಗೆಯೇ ಹತ್ತಿರ. ಹೀಬ್ರೂ ಬಲ್ಲವರು ಈ ಕಲ್ಲನ್ನು ಹೆಚ್ಚು ತಡವರಿಸದೆ ಓದಬಹುದು. ಎದ್ದು ಕಾಣುವ ವ್ಯತ್ಯಾಸ ಬಹುವಚನದ ಕೊನೆಯಲ್ಲಿ: ಹೀಬ್ರೂವಿನಲ್ಲಿ 'ಮ್' ಬರುವ ಕಡೆ ಮೋವಾಬಿನ ಮಾತಿನಲ್ಲಿ 'ನ್' ಬರುತ್ತದೆ. ರೂತ್ ಬೇತ್ಲೆಹೇಮಿಗೆ ಬಂದಾಗ ದುಭಾಷಿಯ ಮಾತೇ ಎತ್ತದೆ, ಮುಂದೆ ಅವಳನ್ನು ಮದುವೆಯಾದ ಬೋವಜನ ಜೊತೆ ಮಾತಾಡುತ್ತಾಳೆ. ಕಥೆಗಾರನಿಗೂ ಅದು ವಿಶೇಷ ಅನ್ನಿಸಿಲ್ಲ. ಎರಡೂ ಊರುಗಳ ಮಾತು ಅಷ್ಟು ಹತ್ತಿರವಿತ್ತು.

ಎರಡು ಕಡೆಯ ಲೆಕ್ಕಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಇನ್ನೊಂದು ಮಜಾ ಇದೆ. ಒಮ್ರಿಯ ಮಗ ಅಹಾಬ್ ಸತ್ತ ಮೇಲೆ ಮೇಷ ತಿರುಗಿಬಿದ್ದ ಎನ್ನುತ್ತದೆ ಬೈಬಲ್. ಒಮ್ರಿಯ ಮಗನ ಕಾಲದ ಅರ್ಧದಲ್ಲೇ ಬಿಡುಗಡೆ ಸಿಕ್ಕಿತು ಎನ್ನುತ್ತದೆ ಕಲ್ಲು. ಇಸ್ರಾಯೇಲ್, ಯೆಹೂದ, ಎದೋಮ್ ಮೂರೂ ಸೇರಿ ದಕ್ಷಿಣದಿಂದ ಸುತ್ತಿ ಬಂದು ಮೋವಾಬನ್ನು ಹಾಳುಮಾಡಿದವು, ಕೊನೆಗೆ ಮೇಷ ಕೀರ್‌ಹರೆಷೆತ್ ಕೋಟೆಯ ಗೋಡೆಯ ಮೇಲೆ ತನ್ನ ಹಿರಿಮಗನನ್ನೇ ಬಲಿ ಕೊಟ್ಟ, ಆಗ ಇಸ್ರಾಯೇಲ್ಯರು ಹಿಂದೆ ಸರಿದರು ಎಂದು ಬೈಬಲ್ ಹೇಳುತ್ತದೆ. ಆ ಕೋಟೆ ಈಗಿನ ಕೆರಕ್ ಎಂದು ಸಾಮಾನ್ಯವಾಗಿ ಗುರುತಿಸುತ್ತಾರೆ. ಕಲ್ಲಿನಲ್ಲಿ ಈ ಯುದ್ಧದ ಸುದ್ದಿಯೇ ಇಲ್ಲ. ಬೈಬಲಿನಲ್ಲಿ ಅಟಾರೋತ್, ನೆಬೋ ಕೈಬಿಟ್ಟ ಸುದ್ದಿ ಇಲ್ಲ. ಪ್ರತಿಯೊಬ್ಬರೂ ತಾವು ಸೋತದ್ದನ್ನು ಬಿಟ್ಟು ಬರೆದಿದ್ದಾರೆ. ಇದರಿಂದ ಯಾರೋ ಒಬ್ಬರು ಸುಳ್ಳುಗಾರರು ಎಂದು ತೀರ್ಮಾನಿಸಬೇಡಿ. ಎರಡು ಮನೆಯವರ ಬಾಯಲ್ಲಿ ಒಂದೇ ಗಡಿ ತಕರಾರು ಕೇಳಿದ ಹಾಗಿದೆ.

ಈ ಕಲ್ಲಿಗೆ ಬಂದ ಬೆಲೆ ನೋಡಿ ಯೆರೂಸಲೇಮಿನಲ್ಲಿ ಖೋಟಾ ವ್ಯಾಪಾರವೂ ಶುರುವಾಯಿತು. ಶಪೀರಾ ಎಂಬ ಅಂಗಡಿಯವನು 'ಮೋವಾಬಿನ ಮಡಕೆ ಬೊಂಬೆಗಳು' ಎಂದು 1873ರಲ್ಲಿ ಸುಮಾರು 1700 ಸಾಮಾನು ಬರ್ಲಿನ್ನಿಗೆ ಮಾರಿದ. ಅವೆಲ್ಲ ಯೆರೂಸಲೇಮಿನಲ್ಲೇ ಹೊಸದಾಗಿ ಸುಟ್ಟ ಮಣ್ಣು ಎಂದು ಬಯಲುಮಾಡಿದವನು ಮತ್ತೆ ಅದೇ ಕ್ಲೆರ್ಮಾಂ-ಗ್ಯಾನೊ. ಆ ಮೇಲೆ ಮೋವಾಬಿನ ಹೆಸರು ಹೇಳಿಕೊಂಡು ಯಾವ ಹಳೇ ವಸ್ತು ಬಂದರೂ ವಿದ್ವಾಂಸರು ಎರಡು ಸಲ ಮೂಸಿ ನೋಡುತ್ತಿದ್ದರು.

ಬೈಬಲ್ ಮೋವಾಬನ್ನು ಹೇಗೆ ನೋಡುತ್ತದೆ ಎಂದು ನೀವು ಕೇಳಿಲ್ಲ. ಆದರೂ ರೂತಳ ವಿಷಯ ಬಂದಿರುವುದರಿಂದ ಹೇಳುತ್ತೇನೆ. ಆದಿಕಾಂಡದಲ್ಲಿ ಮೋವಾಬಿನ ಹುಟ್ಟನ್ನು ಲೋಟ ಮತ್ತು ಅವನ ಮಗಳ ಕೆಟ್ಟ ಕಥೆಗೆ ಗಂಟು ಹಾಕಿದ್ದಾರೆ. ನೆರೆಯವರ ಕುಲವನ್ನು ಹೀಯಾಳಿಸಲು ಹೇಳುವಂಥ ಕಥೆ ಅದು. ಆದರೂ ಆ ಕಥೆಯ ಪ್ರಕಾರವೇ ಅವರು ಅಬ್ರಹಾಮನ ತಮ್ಮನ ಮಗನ ಸಂತತಿ, ಅಂದರೆ ದಾಯಾದಿಗಳು. ಮೋವಾಬ್ಯರು ಹತ್ತನೆಯ ತಲೆಮಾರಿನವರೆಗೂ ನಮ್ಮ ಸಭೆಗೆ ಸೇರಬಾರದು ಎನ್ನುತ್ತದೆ ಧರ್ಮೋಪದೇಶಕಾಂಡ. ಆದರೆ ಇಸ್ರಾಯೇಲಿನ ಅರಸ ಸೌಲನಿಗೆ ಹೆದರಿ ಅಲೆಯುತ್ತಿದ್ದಾಗ ದಾವೀದ ತನ್ನ ವಯಸ್ಸಾದ ತಂದೆತಾಯಿಯನ್ನು ಬಿಟ್ಟು ಬಂದದ್ದು ಮೋವಾಬಿನ ಅರಸನ ಬಳಿ. ಮುತ್ತಜ್ಜಿ ರೂತಳ ತವರು ಅಲ್ವಾ! ಅದೇ ದಾವೀದ ಅರಸನಾದ ಮೇಲೆ ಸೆರೆಸಿಕ್ಕ ಮೋವಾಬ್ಯರನ್ನು ನೆಲದ ಮೇಲೆ ಮಲಗಿಸಿ, ಹಗ್ಗದಿಂದ ಅಳೆದು, ಮೂರರಲ್ಲಿ ಎರಡು ಪಾಲು ಜನರನ್ನು ಕೊಲ್ಲಿಸಿದ ಎಂದೂ ಬರೆದಿದೆ. ಅವನ ಮಗ ಸೊಲೊಮೋನ ಯೆರೂಸಲೇಮಿನ ಎದುರಿನ ಗುಡ್ಡದ ಮೇಲೆ ಕೆಮೋಷನಿಗೆ ಗುಡಿ ಕಟ್ಟಿಸಿಕೊಟ್ಟ. ಪ್ರೀತಿ, ಮದುವೆ, ಕೊಲೆ, ಪೂಜೆ ಎಲ್ಲ ಒಟ್ಟಿಗೆ. ದೂರದವರ ಜೊತೆ ಇಷ್ಟೊಂದು ಲೆಕ್ಕಾಚಾರ ಇರುವುದಿಲ್ಲ. ರೂತಳ ಪುಸ್ತಕ ಬರೆದದ್ದು, ಬೇರೆ ಜನಾಂಗದ ಹೆಂಡತಿಯರನ್ನು ಮನೆಯಿಂದ ಕಳಿಸಿಬಿಡಿ ಎಂದು ಯೆಹೂದ್ಯರ ಮುಖಂಡರಾದ ಎಜ್ರ, ನೆಹೆಮೀಯರು ಹಟ ಹಿಡಿದ ಕಾಲಕ್ಕೆ ಉತ್ತರವಾಗಿ ಎಂದು ಹಲವು ವಿದ್ವಾಂಸರು ಓದುತ್ತಾರೆ. ನನಗೂ ಆ ಓದು ಒಪ್ಪಿಗೆ. ಕಥೆಯಲ್ಲಿ 'ಮೋವಾಬ್ಯಳಾದ ರೂತ್' ಎಂದು ಮತ್ತೆ ಮತ್ತೆ ಒತ್ತಿ ಹೇಳುವುದು ಸುಮ್ನೆ ಅಲ್ಲ.

ಪ್ರವಾದಿ ಯೆರೆಮೀಯನ ಒಂದು ಮಾತು ಮೋವಾಬಿನ ಭೂಗೋಳವನ್ನು ನನ್ನ ಈ ಉದ್ದದ ವಿವರಣೆಗಿಂತ ಚೆನ್ನಾಗಿ ಹೇಳುತ್ತದೆ. ಮೋವಾಬ್ ಚಿಕ್ಕಂದಿನಿಂದ ನೆಮ್ಮದಿಯಾಗಿದೆ, ಗಸಿಯ ಮೇಲೆ ನಿಂತ ದ್ರಾಕ್ಷಾರಸದ ಹಾಗೆ, ಪಾತ್ರೆಯಿಂದ ಪಾತ್ರೆಗೆ ಹೊಯ್ಯಲೇ ಇಲ್ಲ, ಆದ್ದರಿಂದ ಅದರ ರುಚಿ ಹಾಗೆಯೇ ಉಳಿದಿದೆ ಎನ್ನುತ್ತಾನೆ. ಒಂದು ಕಡೆ ಸಮುದ್ರದ ಗೋಡೆ, ಎರಡು ಕಡೆ ಆಳವಾದ ಕಣಿವೆ, ಇನ್ನೊಂದು ಕಡೆ ಮರಳು. ಅಂಥ ಜಾಗದಲ್ಲಿ ಜನ ಕದಲದೆ ಉಳಿಯುವುದು ಸಹಜ.

ಆದರೆ ಹೊಯ್ಯುವವನು ಬಂದ. ಯೆರೂಸಲೇಮ್ ಸುಟ್ಟು ನಾಲ್ಕೈದು ವರ್ಷದ ಮೇಲೆ, ಅಂದರೆ ಕ್ರಿ.ಪೂ. 582ರ ಸುಮಾರಿಗೆ, ಬಾಬಿಲೋನಿನ ನೆಬೂಕದ್ನೆಚ್ಚರ ಮೋವಾಬನ್ನೂ ಅಮ್ಮೋನನ್ನೂ ವಶಪಡಿಸಿಕೊಂಡ ಎಂದು ಇತಿಹಾಸಕಾರ ಜೋಸೆಫಸ್ ಬರೆದಿದ್ದಾನೆ. ಅಲ್ಲಿಂದ ಮುಂದೆ ಮೋವಾಬಿಗೆ ಅರಸರಿಲ್ಲ. ಇಲ್ಲೇ ನಿಮ್ಮ ಮೂರನೆಯ ಪ್ರಶ್ನೆಗೆ ಉತ್ತರವಿದೆ. ಮೋವಾಬ್ಯರು ಎಲ್ಲಿಗೋ ಎದ್ದು ಹೋಗಲಿಲ್ಲ. ಹೊಲ ಬಿಟ್ಟು ಎಲ್ಲಿಗೆ ಹೋಗುತ್ತಾರೆ? ದಕ್ಷಿಣದಿಂದ ನಬತೀಯರೆಂಬ ಅರಬ್ ವ್ಯಾಪಾರಿಗಳು ಬಂದು ಬೆರೆತರು. ಅರಾಮಿಕ್ ಮಾತು ಹಬ್ಬಿತು, ಕೆಮೋಷನ ಹೆಸರು ಮರೆಯಾಯಿತು. ಕ್ರಿ.ಶ. 106ರಲ್ಲಿ ರೋಮನ್ನರು ಎಲ್ಲವನ್ನೂ 'ಅರೇಬಿಯಾ' ಪ್ರಾಂತ್ಯ ಮಾಡಿದರು. ಬಯಲಿನ ಉದ್ದಕ್ಕೂ ಇದ್ದ ಹಳೆಯ ರಾಜಮಾರ್ಗವನ್ನು ಚಕ್ರವರ್ತಿ ತ್ರಾಜನ್ ಕಲ್ಲು ಹಾಸಿ ಹೊಸದು ಮಾಡಿಸಿದ. ಅರ್ನೋನಿನಲ್ಲಿ ದಾರಿ ಮಾಡಿಸಿದೆ ಎಂದು ಮೇಷ ತನ್ನ ಕಲ್ಲಿನಲ್ಲಿ ಬರೆಸಿದ್ದ. ಆ ಕಣಿವೆಯನ್ನು ದಾಟಲು ಪ್ರತಿ ಆಡಳಿತವೂ ಬೆವರು ಸುರಿಸಿದೆ. ಆಮೇಲೆ ಕ್ರೈಸ್ತರ ಕಾಲ, 629ರಲ್ಲಿ ಕೆರಕ್‌ನ ದಕ್ಷಿಣಕ್ಕೆ ಮುಅತಾ ಎಂಬಲ್ಲಿ ಮುಸ್ಲಿಮರಿಗೂ ಬೈಜಾಂಟಿಯನ್ನರಿಗೂ ಮೊದಲ ಕಾಳಗ, 1142ರಲ್ಲಿ ಕ್ರುಸೇಡಿನವರ ಕೆರಕ್ ಕೋಟೆ, 1188ರಲ್ಲಿ ಅದು ಸಲಾದೀನನ ಕೈಗೆ. ಇಸ್ಲಾಮಿನ ಮೊದಲ ಶತಮಾನಗಳಲ್ಲಿ ಅಲ್ಲಿನ ರಬ್ಬಾ ಎಂಬ ಊರನ್ನು 'ಮಾಆಬ್' ಎಂದೇ ಕರೆಯುತ್ತಿದ್ದರು. ದೇಶದ ಹೆಸರು ಕುಗ್ಗಿ ಒಂದು ಊರಿನ ಹೆಸರಾಗಿ ಉಳಿದಿತ್ತು.

ನೀವು ಭೂಪಟದ ಮಾತು ಎತ್ತಿದ್ದಕ್ಕೆ ಇನ್ನೊಂದು ಭೂಪಟದ ಬಗ್ಗೆ ಹೇಳಬೇಕು. ಮಾದಬಾದ ಸಂತ ಜಾರ್ಜ್ ಚರ್ಚಿನ ನೆಲದಲ್ಲಿ 6ನೆಯ ಶತಮಾನದ ಒಂದು ಭೂಪಟವಿದೆ. ಬಣ್ಣಬಣ್ಣದ ಕಲ್ಲುಚೂರುಗಳನ್ನು ಜೋಡಿಸಿ ಮಾಡಿದ್ದು. ಈಗ ಉಳಿದಿರುವುದು ಸ್ವಲ್ಪ ಭಾಗ ಮಾತ್ರ. ಅದರಲ್ಲಿ ಮೇಲಿರುವುದು ಉತ್ತರವಲ್ಲ, ಪೂರ್ವ. ಆದ್ದರಿಂದ ಮೋವಾಬ್ ಆ ಚಿತ್ರದಲ್ಲಿ ಮೂಲೆಗೆ ಬಿದ್ದಿಲ್ಲ, ಎಲ್ಲದರ ತಲೆಯ ಮೇಲೆ ಕೂತಿದೆ. ಬೆಟ್ಟದ ಮೇಲೆ ಕೆರಕ್, ಕೆಳಗೆ ದೋಣಿಗಳಿರುವ ಮೃತ ಸಮುದ್ರ, ಅದರಾಚೆ ಯೆರೂಸಲೇಮ್. ಯೊರ್ದನ್ ಹೊಳೆಯಲ್ಲಿ ಒಂದು ಮೀನು ಉಪ್ಪುನೀರು ಕಂಡು ಹಿಂದಕ್ಕೆ ತಿರುಗಿ ಈಜುತ್ತಿದೆ. ಮಾಡಿದವನು ಆ ಕಡೆಯವನೇ ಇರಬೇಕು ಅನ್ನಿಸುತ್ತದೆ. ಮುಂದಿನ ಸಲ ರೂತಳ ಕಥೆ ಓದುವಾಗ ನಿಮ್ಮ ಹಳದಿ ಭೂಪಟ ಬಿಟ್ಟು ಇದರ ಫೋಟೋ ಎದುರಿಗಿಟ್ಟುಕೊಳ್ಳಿ.

ಮೇಷನ ಊರು ದೀಬೋನ್ ಈಗಲೂ ಧೀಬಾನ್ ಎಂಬ ಹೆಸರಿನಲ್ಲೇ ಇದೆ, ಜನರಿದ್ದಾರೆ, ಹೊಲಗಳಿವೆ. ಪಕ್ಕದ ಹಳೆಯ ದಿಬ್ಬವನ್ನು ಪುರಾತತ್ವದವರು 1950ರ ದಶಕದಿಂದ ಅಗೆಯುತ್ತಾ ಬಂದಿದ್ದಾರೆ. ಆ ಕಲ್ಲಿನಲ್ಲಿ ಯುದ್ಧದ ಬಡಾಯಿಗಳ ನಡುವೆ ಒಂದು ಸಣ್ಣ ಆಜ್ಞೆ ಇದೆ. ಊರೊಳಗೆ ನೀರಿನ ತೊಟ್ಟಿ ಇರಲಿಲ್ಲ, ಆದ್ದರಿಂದ ಪ್ರತಿಯೊಬ್ಬನೂ ತನ್ನ ಮನೆಯಲ್ಲೇ ಒಂದು ತೊಟ್ಟಿ ತೋಡಿಕೊಳ್ಳಲಿ ಎಂದು ಜನರಿಗೆ ಹೇಳಿದೆ, ಎನ್ನುತ್ತಾನೆ ಮೇಷ. 300 ಮಿಲಿಮೀಟರ್ ಮಳೆಯ ನಾಡಿನ ಅರಸ ಇನ್ನೇನು ಹೇಳಿಯಾನು? ದಿಬ್ಬದ ಮೇಲೆ ನಡೆಯುವಾಗ ಕಾಲ ಕೆಳಗೆ ನೋಡಿಕೊಂಡೇ ಹೋಗಬೇಕು. ಬಂಡೆಯಲ್ಲಿ ತೋಡಿದ ಹಳೆಯ ತೊಟ್ಟಿಗಳ ಬಾಯಿ ಅಲ್ಲಲ್ಲಿ ತೆರೆದುಕೊಂಡಿದೆ.